ಕೂರಿಗೆ ಬಲ್ಲವರ ಕುರ್ಚಿ

ಕೋಲು ಕುರ್ಚಿಯ ಕಾಲು ನೆಟ್ಟಗಿರಬಾರದು. ದಪ್ಪ ಹಲಗೆಯೊಂದಕ್ಕೆ ಬೈರಿಗೆಯಿಂದ ಓರೆಯಾಗಿ ತೂತು ಕೊರೆದು, ತುದಿ ಕೆತ್ತಿದ ಕಾಲುಗಳನ್ನು ಕೊಡತಿಯಿಂದ ಬಿಗಿಯಾಗಿ ಬಡಿಯಬೇಕು. ಮೇಲೆ ಬೆನ್ನಿಗೆ ನಾಲ್ಕಾರು ಸಣ್ಣ ಕೋಲು, ತೋಳಿಡಲು ಬಾಗಿದ ಕೊಂಬೆ. ಒಂದು ಮೊಳೆಯೂ ಬೇಡ. ವೇಲ್ಸ್ ದೇಶದ ಹಳ್ಳಿಗರು ಮನೆಮಟ್ಟಿಗೆ ಮಾಡಿಕೊಳ್ಳುತ್ತಿದ್ದ ಈ ಕುರ್ಚಿಯ ಬಗ್ಗೆ ಜಾನ್ ಬ್ರೌನ್ 1990ರಲ್ಲಿ ಪುಸ್ತಕ ಬರೆದರು. ಆಮೇಲೆ ದೂರದೂರದ ಹವ್ಯಾಸಿಗಳೂ ಉಳಿ, ಬಾಚಿ ಹಿಡಿದರು.

ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯ ಹಿರಿಯ ಬಡಿಗರೊಬ್ಬರಿಗೆ ಅದರ ಚಿತ್ರ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ನಮ್ಮ ಕೂರಿಗಿನ ಆತಲ್ರಿ ಸರ ಇದು! ದಿಂಡ ಅಗಲ ಮಾಡ್ಯಾರ, ತಾಳ ನಾಕ ಹಚ್ಯಾರ, ಅಷ್ಟ."

ಅವರ ಮಾತು ನಿಜ. ಮಳೆ ಹಿಡಿಯುವ ಮೊದಲೇ ಒಣಭೂಮಿಯಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಸೀಮೆ ಇದು. ಕೂರಿಗೆಯ ಅಡ್ಡಮರವಾದ ದಿಂಡಿನಲ್ಲಿ ಅದರ ಕಾಲುಗಳಾದ ತಾಳುಗಳನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬುದು ಬಡಿಗರಿಗೆ ಕಣ್ಣಳತೆಯಲ್ಲೇ ಗೊತ್ತು. ಚಕ್ಕಡಿ ಗಾಲಿಗೆ ಅರೆಗಾಲು ಕೂರಿಸಿದವರೂ ಅವರೇ. ಹಿಂದೆ ನೇಗಿಲಿಗೆ ತಾನಾಗಿ ಬಾಗಿದ ಕೊಂಬೆಯನ್ನೇ ಹುಡುಕಿ ತರುತ್ತಿದ್ದರು. ಕುರ್ಚಿಯ ತೋಳಿಗೂ ಅಂಥದ್ದೇ ಬೇಕು, ಏಕೆಂದರೆ ನೇರ ಹಲಗೆಯಿಂದ ಬಾಗಾಗಿ ಕೊಯ್ದರೆ ನಾರು ತುಂಡಾಗಿ ಅಲ್ಲೇ ಮುರಿಯುತ್ತದೆ. ಕಾಲನ್ನು ಗರಗಸದಿಂದ ಕೊಯ್ಯದೆ ಸೀಳಿ ತೆಗೆಯುವುದಕ್ಕೂ ಇದೇ ಕಾರಣ.

ಇನ್ನೊಂದು ಗುಟ್ಟು ಹಸಿ–ಒಣಗಿನದು. ಕಾಲು ಚೆನ್ನಾಗಿ ಒಣಗಿರಬೇಕು, ಹಲಗೆಯಲ್ಲಿ ತುಸು ಹಸಿ ಉಳಿದಿರಬೇಕು. ಹಲಗೆ ಆರಿದಂತೆ ತೂತು ಕಾಲನ್ನು ಕಚ್ಚಿ ಹಿಡಿಯುತ್ತದೆ. ಕಟ್ಟಿಗೆ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದುಂಗುರದ ಗುಂಟ ಹೆಚ್ಚು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೊರಗುವ ಖಾನಾಪುರದ ಬಾಗಿಲುಗಳನ್ನು ತಳ್ಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಕಾಲಿನ ತಲೆ ಸೀಳಿ ಬೆಣೆ ಹೊಡೆಯುವಾಗ ಅದು ಹಲಗೆಯ ನಾರಿಗೆ ಅಡ್ಡಲಾಗಿಯೇ ಇರಬೇಕು. ನಾರಿನ ಗುಂಟ ಹೊಡೆದರೆ ಹಲಗೆಯೇ ಸೀಳೀತು.

ಬೆಳಗಾವಿಯ ಮನೆಗಳಲ್ಲೀಗ ಪ್ಲಾಸ್ಟಿಕ್ ಕುರ್ಚಿ. ಕಟ್ಟಿಗೆಯದು ಬೇಕೆಂದರೆ ಸಾಗವಾನಿಯ ಅಗಲ ಹಲಗೆಯನ್ನೇ ಕೇಳುತ್ತಾರೆ. ಅದಕ್ಕೆ ಕಾಡಿನ ಮರವನ್ನೇ ಕಡಿಯಬೇಕು. ಆದರೆ ಖಾನಾಪುರ ಸೀಮೆಯ ಭೀಮಗಡದ ಕಾಡು 2011ರಲ್ಲಿ ವನ್ಯಧಾಮವಾಯಿತು, ಅದು ಉಳಿಯಲೇಬೇಕು. ಕೋಲು ಕುರ್ಚಿ ಕಾಡಿನ ದೊಡ್ಡ ಮರ ಕೇಳುವುದಿಲ್ಲ. ಹೊಲದ ಬದುವಿನ ಜಾಲಿ, ಹಿತ್ತಲಲ್ಲಿ ಸವರಿದ ಹಲಸು, ಮಾವಿನ ಕೊಂಬೆಗಳೇ ಬೇಕಾದಷ್ಟಾದವು. ನನಗೆ ಈ ಕುರ್ಚಿಯ ಮೇಲೆ ಇಷ್ಟು ಮಮತೆ ಹುಟ್ಟಿದ್ದು ಇದರಿಂದಲೇ.

ಕುಂಬಾರಿಕೆ ಕಲಿಸಲು ಖಾನಾಪುರದಲ್ಲಿ ಖಾದಿ ಆಯೋಗದ ಸಂಸ್ಥೆಯೇ ಇದೆ. ಬಡಿಗತನಕ್ಕೂ ಅಲ್ಲೊಂದು ಚಪ್ಪರ ಬೇಕು. ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೆ ಕೆಲಸ ಕಳೆದುಕೊಂಡ ಹಿರಿಯರನ್ನು ಸಂಬಳ ಕೊಟ್ಟು ಗುರುಗಳಾಗಿ ಕರೆತರಬೇಕು. ಬೆಳಗಾವಿಯಿಂದ ಬರೀ 25 ಕಿಲೋಮೀಟರ್ ದಾರಿ. ಕಲಿಯುವ ಹುಡುಗರು ಮುಂಜಾನೆ ಹೋಗಿ ಸಂಜೆ ಮರಳಬಹುದು.