ಆಮೆ, ಮೊಲ ಮತ್ತು ಕುಸಿಪಾಲು

ನಮ್ಮ ಮನೆಯ ಪೋರ್ಟಿಕೋದಲ್ಲಿ 15 ವರ್ಷಗಳಿಂದ ಒಂದು ಮೌಂಟನ್ ಬೈಕು ನಿಂತಿದೆ. ಹೆಸರಿನಲ್ಲಿ ಪರ್ವತವಿದ್ದರೂ ಅದು ಏರಿದ ಶಿಖರಗಳೆಂದರೆ ಹಾಲಿನ ಬೂತು, ಹೂವಿನಂಗಡಿ ಮತ್ತು ಇಸ್ತ್ರಿಯವನ ತಳ್ಳುಗಾಡಿ. ಹಾಗೆಂದು ಹಗುರವಾಗಿ ಕಾಣಬೇಡಿ. ವರ್ಷಕ್ಕೆ ನಾಲ್ಕಾರು ಸಲ ಚಾಮುಂಡಿ ಬೆಟ್ಟದ ತಪ್ಪಲಿನ ಮಣ್ಣುದಾರಿಯಲ್ಲಿ ಸುತ್ತಿ ಬಂದು, ಮೈಗೆ ಮೆತ್ತಿದ ಧೂಳನ್ನು ವಾರಗಟ್ಟಲೆ ಒರೆಸಗೊಡದೆ ನಿಲ್ಲುವ ಜಂಬವೂ ಅದಕ್ಕುಂಟು. ಜಂಬ ಅದರದೋ ನನ್ನದೋ ಎಂಬ ವಿಚಾರಣೆ ಈಗ ಬೇಡ.

ತೊಂದರೆ ಬಂದದ್ದು ಮುಂಗಾಲಿಗೆ. ಮುಂದಿನ ಚಕ್ರವನ್ನು ಕವೆಯಂತೆ ಎರಡೂ ಕಡೆಯಿಂದ ಹಿಡಿದುಕೊಂಡಿರುವ ಫೋರ್ಕಿನೊಳಗಿನ ಸ್ಪ್ರಿಂಗು ಯಾವಾಗಲೋ ವಾನಪ್ರಸ್ಥಕ್ಕೆ ಹೋಗಿಬಿಟ್ಟಿತ್ತು. ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿದರೆ, ಮುದುಕರು ಮಣೆಯಿಂದ ಏಳುವಾಗ ಬಿಡುವ ‘ಉಸ್ಸಪ್ಪ’ದಂಥ ಸದ್ದು ಬರುತ್ತಿತ್ತು, ಏಳುವುದು ಮಾತ್ರ ಇಲ್ಲ. ಬಿಚ್ಚಿ ನೋಡಿದರೆ ಗ್ರೀಸೆಲ್ಲ ತಳ ಹಿಡಿದ ಪಾಯಸದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ರಸ್ತೆಯ ಒಂದೊಂದು ಉಬ್ಬೂ ನೇರ ಮುಂಗೈಗೆ ಬಡಿದು, ಅಲ್ಲಿಂದ ಹಲ್ಲಿಗೆ ಹೋಗಿ, ಹೊಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ವಿಚಾರಿಸಿಕೊಂಡು ಹೊರಡುತ್ತಿತ್ತು.

“ಸಾರ್, ಇದಕ್ಕೆ ದುಡ್ಡು ಹಾಕೋದು ದಂಡ. ಹೊಸದೇ ತಗೊಂಬಿಡಿ” ಎಂದ ಅಂಗಡಿಯ ಹುಡುಗ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಾಳಿ ತುಂಬುವ ಒಂದು ಫೋರ್ಕಿನ ಬೆಲೆ, ಆ ಕಾಲಕ್ಕೆ ನಾನು ಇಡೀ ಸೈಕಲ್ಲಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ, ನಿಜ. ಆದರೆ ಎದುರಿಗೆ ತಕ್ಕಡಿ ಇಟ್ಟುಕೊಂಡು ಮೂಗುತಿ ಹಾಕಿಕೊಳ್ಳುವವರನ್ನು ನಾನಂತೂ ಕಂಡಿಲ್ಲ.

ಸರಿಹೊಂದುವ ಫೋರ್ಕನ್ನು ಹುಡುಕುವುದೆಂದರೆ ವಯಸ್ಸಾದ ವರನಿಗೆ ಹೆಣ್ಣು ನೋಡಿದ ಹಾಗೆ. ನನ್ನ ಸೈಕಲ್ಲಿನ ಚಕ್ರ 26 ಇಂಚಿನದು. ಈಗಿನ ಪೇಟೆಯಲ್ಲಿ ನಡೆಯುವುದೆಲ್ಲ 27.5 ಮತ್ತು 29. ಫ್ರೇಮಿನ ಕತ್ತಿನೊಳಗೆ ತೂರುವ ಕೊಳವೆ ನನ್ನದರಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ. ಹೊಸವು ಬುಡದಲ್ಲಿ 1.5 ಇಂಚಿಗೆ ಊದಿಕೊಂಡಿರುತ್ತವೆ. ಅಚ್ಚೂ ಬೇರೆ. ಎಲ್ಲ ಕೂಡಿಬಂತು ಎನ್ನುವಾಗ ಎತ್ತರದ ಪ್ರಶ್ನೆ ಏಳುತ್ತದೆ. ನನ್ನ ಫ್ರೇಮು ಹುಟ್ಟಿದ್ದು 80 ಮಿಲಿಮೀಟರ್ ಆಡುವ ಫೋರ್ಕಿಗಾಗಿ. ಆಸೆಗೆ ಬಿದ್ದು 130ರದ್ದನ್ನು ತೊಡಿಸಿದರೆ ಸೈಕಲ್ಲು ಮುಂಗಾಲೆತ್ತಿ ಮರದ ಚಿಗುರಿಗೆ ಬಾಯಿ ಹಾಕಿದ ಆಡಿನಂತೆ ನಿಲ್ಲುತ್ತದೆ. ಮುಂಭಾಗ 20 ಮಿಲಿಮೀಟರ್ ಎದ್ದರೆ ಕತ್ತಿನ ಕೋನ ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ವಾಲುತ್ತದಂತೆ. ಒಂದು ಡಿಗ್ರಿ ಏನು ಮಹಾ ಎನ್ನಬೇಡಿ. ಜ್ವರದಲ್ಲಿ ಒಂದು ಡಿಗ್ರಿ ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ನಾನು 100ಕ್ಕೆ ಒಪ್ಪಿಕೊಂಡೆ.

ಈ ಸುಖವೆಲ್ಲ ಮೊದಲಿರಲಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಪಡ್ಡೆಗಳು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಸಾಗಿಸಿ, ಇಳಿಜಾರಿನಲ್ಲಿ ಪಂದ್ಯ ಕಟ್ಟಿಕೊಂಡು ಉರುಳತೊಡಗಿದಾಗ ಅವರಿಗಿದ್ದ ಸ್ಪ್ರಿಂಗುಗಳೆಂದರೆ ಸ್ವಂತ ಮೊಣಕಾಲು ಮೊಣಕೈಗಳಷ್ಟೇ. ಕೆಳಗಿಳಿಯುವಷ್ಟರಲ್ಲಿ ಹಿಂಚಕ್ರದ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿರುತ್ತಿತ್ತು, ಮತ್ತೆ ತುಂಬಬೇಕು. ಹಾಗಾಗಿ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರು. ರಾಜನ ಹೆಸರೋ ಮಂತ್ರಿಯ ಹೆಸರೋ ಇಡದೆ ಗ್ರೀಸಿನ ಹೆಸರಿನಲ್ಲಿ ರಸ್ತೆಯನ್ನು ಕರೆದವರ ಮೇಲೆ ನನಗೆ ಅಪಾರ ಗೌರವ. ಆಮೇಲೆ 1989ರಲ್ಲಿ, ಮೋಟಾರ್‌ಸೈಕಲ್ ರೇಸಿನ ಲೋಕದಿಂದ ಬಂದ ಪಾಲ್ ಟರ್ನರ್ ಎಂಬಾತನ ಕೈಯಿಂದ ರಾಕ್‌ಶಾಕ್ಸ್ ಆರ್‌ಎಸ್-1 ಹೊರಬಂತು. ಅದು ಆಡುತ್ತಿದ್ದುದು ಸುಮಾರು 2 ಇಂಚು, ಅಷ್ಟೇ. ಮರುವರ್ಷ ಕೊಲರಾಡೋದ ಡುರಾಂಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಇಳಿಜಾರಿನ ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್ ಗೆದ್ದದ್ದು ಆ ಕಂಪನಿಯ ಫೋರ್ಕಿನ ಮೇಲೆಯೇ.

ಆದರೆ ಈ ವಿದ್ಯೆಯಲ್ಲಿ ನನ್ನಜ್ಜಿಯನ್ನು ಮೀರಿಸಿದವರಿಲ್ಲ. ಕೆರೆಯ ಏರಿಯ ಕಲ್ಲುಗಳ ಮೇಲೆ ಬರಿಗಾಲು, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಂಠಮಟ್ಟ ತುಂಬಿದ ಕೊಡ. ಹಿಮ್ಮಡಿ, ಮಂಡಿ, ಸೊಂಟ ಒಂದೊಂದೂ ಕಲ್ಲಿನೊಡನೆ ತನ್ನ ತನ್ನ ಪಾಲಿನ ಮಾತುಕತೆ ಮುಗಿಸಿಕೊಳ್ಳುತ್ತಿದ್ದವು. ಕೊಡದವರೆಗೆ ಯಾವ ದೂರೂ ಹೋಗುತ್ತಿರಲಿಲ್ಲ.

ಫೋರ್ಕು ಬಂತು, ಕೂತಿತು. ಇನ್ನು ಗಾಳಿ. ಟೈರಿನ ಪಂಪು ಇದಕ್ಕೆ ನಡೆಯದು. ಒಳಗಿನ ಜಾಗ ಅಂಗೈಯಷ್ಟು, ಒತ್ತಡ ಬಲು ಹೆಚ್ಚು. ಆದ್ದರಿಂದ ಸಿರಿಂಜಿನಂಥ ಒಂದು ಪುಟ್ಟ ಪಂಪು ಬೇಕು. ಅದರ ಒಂದು ಚೇಷ್ಟೆ ನನಗೆ ಬಹಳ ಇಷ್ಟ. ತುಂಬಿದ ಗಾಳಿ ಎಷ್ಟಿದೆ ನೋಡೋಣವೆಂದು ಮರುದಿನ ಪಂಪು ಸಿಕ್ಕಿಸಿದರೆ, ಒಳಗಿನ ಗಾಳಿ ಸ್ವಲ್ಪ ಪಂಪಿನ ಕೊಳವೆಗೂ ಹರಿದು ಮುಳ್ಳು ಕೆಳಗಿಳಿದಿರುತ್ತದೆ. ಎಷ್ಟಿದೆ ಎಂದು ನೋಡಿದರೆ ಸಾಕು, ಅಷ್ಟಿರುವುದಿಲ್ಲ. ನನ್ನ ಬ್ಯಾಂಕಿನ ಪಾಸ್‌ಬುಕ್ಕಿಗೂ ಇದೇ ಸ್ವಭಾವ.

ಸವಾರ ಸುಮ್ಮನೆ ಏರಿ ನಿಂತಾಗಲೇ ಫೋರ್ಕು ಒಂದಿಷ್ಟು ಕುಗ್ಗಬೇಕು. ಬಲ್ಲವರು ಇದನ್ನು ‘ಸ್ಯಾಗ್’ ಎನ್ನುತ್ತಾರೆ. ನಾನು ಕುಸಿಪಾಲು ಎಂದು ಕರೆದುಕೊಂಡಿದ್ದೇನೆ. ನೂರಕ್ಕೆ ಇಪ್ಪತ್ತರಷ್ಟಿದ್ದರೆ ಚೆನ್ನ. ಗುಂಡಿಗೆ ಬೀಳುವ ಮೊದಲೇ ಯಾಕೆ ಕುಗ್ಗಬೇಕೆಂದು ನನಗೆ ತುಂಬ ದಿನ ಹೊಳೆದಿರಲಿಲ್ಲ. ಉಬ್ಬು ಎದುರಾದರೆ ಚಕ್ರ ಮೇಲಕ್ಕೆ ಸರಿದರಾಯಿತು. ಆದರೆ ಗುಂಡಿ ಬಂದರೆ ಕೆಳಕ್ಕೆ ಇಳಿಯಬೇಕಲ್ಲ! ಪೂರ್ತಿ ಸೆಟೆದು ನಿಂತ ಕಾಲಿಗೆ ಇನ್ನೆಲ್ಲಿಗೆ ಇಳಿಯುವುದು? ಕುಗ್ಗಿ ಉಳಿಸಿಟ್ಟುಕೊಂಡ ಆ 20 ಮಿಲಿಮೀಟರೇ ಗುಂಡಿಯ ಪಾಲು. ಈ ಗುಂಡಿಜ್ಞಾನ ಉಂಟಾದ ದಿನ ನಮ್ಮ ಬಡಾವಣೆಯ ರಸ್ತೆಯನ್ನು ಮೊದಲ ಸಲ ಕೃತಜ್ಞತೆಯಿಂದ ನೋಡಿದೆ.

ಫೋರ್ಕಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದರು: ಇಷ್ಟು ತೂಕದವರಿಗೆ ಇಷ್ಟು ಗಾಳಿ. ನಾನು 72 ಕಿಲೋದ ಸಾಲಿನ ಪ್ರಕಾರ ತುಂಬಿದೆ. ಅಳತೆ ತೆಗೆಯುವಾಗ ಸವಾರಿಯ ಪೂರ್ತಿ ವೇಷದಲ್ಲಿರಬೇಕೆಂಬ ನಿಯಮ. ಹೆಲ್ಮೆಟ್, ಬೂಟು, ನೀರು ತುಂಬಿದ ಬ್ಯಾಗು ಎಲ್ಲ ಏರಿಸಿಕೊಂಡು, ಪೋರ್ಟಿಕೋದ ಗೋಡೆಗೆ ಮೊಣಕೈ ಆನಿಸಿ ಪೆಡಲುಗಳ ಮೇಲೆ ನಿಂತೆ. ಕರಿಬೇವಿಗೆ ಬಂದ ಪಕ್ಕದ ಮನೆಯವರು “ಎಲ್ಲಿಗೆ ಹೊರಟ್ರಿ?” ಎಂದರು. “ಎಲ್ಲಿಗೂ ಇಲ್ಲ” ಎಂದೆ. ಅವರು ಇನ್ನೇನೂ ಕೇಳದೆ ನಾಲ್ಕು ಎಸಳು ಕಿತ್ತುಕೊಂಡು ಹೋದರು. ಮೆಲ್ಲಗೆ ಇಳಿದು ನೋಡಿದರೆ, ಫೋರ್ಕಿನ ಕಾಲಿಗೆ ತೊಡಿಸಿದ ರಬ್ಬರ್ ಉಂಗುರ 32 ಮಿಲಿಮೀಟರಿನಲ್ಲಿ ಕೂತಿತ್ತು. ಹೆಂಡತಿ ಬಾಗಿಲಿಗೆ ಒರಗಿ, “ರೀ, 72 ಅನ್ನೋದು ನಮ್ಮ ಮದುವೆ ವರ್ಷದ ತೂಕ” ಎಂದಳು. ತೂಕದ ಯಂತ್ರ 79 ಎಂದಿತು, ಬ್ಯಾಗು ಬೂಟು ಬಿಟ್ಟು. ಡಾಕ್ಟರ ಮುಂದೆ, ವಿಮೆಯವರ ಮುಂದೆ ನಡೆದ ಸುಳ್ಳು ಒಂದು ರಬ್ಬರ್ ಉಂಗುರದ ಮುಂದೆ ನಡೆಯಲಿಲ್ಲ.

ಕೊನೆಗೆ ಉಳಿದದ್ದು ಬಲಗಾಲಿನ ಬುಡದ ಪುಟ್ಟ ತಿರುಪು. ಕುಗ್ಗಿದ ಫೋರ್ಕು ಎಷ್ಟು ಬೇಗ ಮೇಲೇಳಬೇಕೆಂದು ಹೇಳುವ ಮರುನೆಗೆತದ ತಿರುಪು ಅದು. ಒಂದು ಕೊನೆಗೆ ಆಮೆಯ ಚಿತ್ರ, ಇನ್ನೊಂದಕ್ಕೆ ಮೊಲದ್ದು. ಅಮೆರಿಕದ ಎಂಜಿನಿಯರುಗಳಿಗೂ ನನ್ನ ಒಂದನೆಯ ತರಗತಿಯ ಪಾಠವೇ ನೆನಪಾಯಿತಲ್ಲ ಎಂದು ಹಿಗ್ಗಿದೆ. ಮೊಲದ ಕಡೆ ತಿರುಗಿಸಿದರೆ ಫೋರ್ಕು ತಟ್ಟನೆ ಚಿಮ್ಮಿ ಚಕ್ರವನ್ನೇ ನೆಲದಿಂದ ಎಬ್ಬಿಸುತ್ತದೆ. ಆಮೆಯ ಕಡೆ ಹೋದರೆ, ಒಂದು ಏಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೆಯದು, ಆಮೇಲೆ ಮೂರನೆಯದು. ಕುಗ್ಗುತ್ತ ಕುಗ್ಗುತ್ತ ತಳ ಸೇರುತ್ತದೆ. ನಮ್ಮ ಸೋದರಮಾವನೊಬ್ಬ ಹೀಗೆಯೇ ಇದ್ದ. ಯುಗಾದಿಯಲ್ಲಿ ಯಾರೋ ಆಡಿದ ಮಾತಿನಿಂದ ಅವನು ಏಳುವಷ್ಟರಲ್ಲಿ ಗೌರಿಹಬ್ಬದ ಮಾತು ಬಂದಿರುತ್ತಿತ್ತು.

ಮೂರು ಸಂಜೆ ಅದೇ ಕೆಲಸ. ಒಂದು ಕ್ಲಿಕ್ಕು ತಿರುಗಿಸುವುದು, ಬೀದಿಯ ಕೊನೆಯ ಉಬ್ಬಿನವರೆಗೆ ಹೋಗುವುದು, ಬರುವುದು, ಇನ್ನೊಂದು ಕ್ಲಿಕ್ಕು. ಬೀದಿನಾಯಿಗಳು ಮೊದಲ ದಿನ ಬೊಗಳಿದವು, ಎರಡನೆಯ ದಿನ ತಲೆಯೆತ್ತಿ ನೋಡಿದವು, ಮೂರನೆಯ ದಿನ ಮಲಗಿಯೇ ಇದ್ದವು. ಕಡೆಗೆ ಆಮೆಯ ಕಡೆಯಿಂದ ಏಳನೆಯ ಕ್ಲಿಕ್ಕಿನಲ್ಲಿ ಸ್ವರ ಕೂಡಿತು. ಮರುವಾರ ಬೆಟ್ಟದ ತಪ್ಪಲಿಗೆ ಹೋಗಿ ಬಂದು, ಆ ಏಳನೆಯ ಕ್ಲಿಕ್ಕಿನ ಸೂಕ್ಷ್ಮವನ್ನು ಕಾಫಿ ಆರುವವರೆಗೆ ಮನೆಯವರಿಗೆ ವಿವರಿಸಿದೆ. ಆರಕ್ಕೂ ಏಳಕ್ಕೂ ಭೂಮಿ ಆಕಾಶದ ವ್ಯತ್ಯಾಸ ಎಂದೆ.

ಆರು ವರ್ಷದ ಮಗಳು ಎಲ್ಲವನ್ನೂ ಕೇಳಿಸಿಕೊಂಡು, “ಅಪ್ಪ, ನಾನು ಅವತ್ತೇ ಅದನ್ನ ಪೂರ್ತಿ ಮೊಲದ ಕಡೆ ತಿರುಗಿಸಿಬಿಟ್ಟೆ” ಎಂದಳು. ಯಾಕಮ್ಮ ಎಂದೆ. “ಪಾಪ, ಕಥೆಯಲ್ಲಿ ಯಾವಾಗಲೂ ಅದೇ ಸೋಲುತ್ತಲ್ಲ.”