ಹ್ಯಾಂಡಲ್ ಲಾಕ್

ಚನ್ನಪಟ್ಟಣದ ಓಣಿಯೊಂದರಲ್ಲಿ ನನ್ನ ಬೈಕನ್ನು ನಾಲ್ಕು ಜನ ಎತ್ತಿ ಪಕ್ಕಕ್ಕೆ ಇಟ್ಟಾಗ ನಾನು ಅಲ್ಲಿರಲಿಲ್ಲ. ಬಿ.ಎಂ. ರಸ್ತೆಯ ಅಂಗಡಿಯಲ್ಲಿ ಬೊಂಬೆ ಮಾಡುವ ಹಿರಿಯರೊಬ್ಬರ ಮುಂದೆ ಕೂತು, ಅವರು ಹೇಳುತ್ತಿದ್ದ ಸಾಲದ ಲೆಕ್ಕ ಬರೆದುಕೊಳ್ಳುತ್ತಿದ್ದೆ. ನನ್ನ ಪಿಎಚ್‌ಡಿಗೆ ಅದೇ ವಿಷಯ. ರಸ್ತೆ ಬದಿಯಲ್ಲಿ ಜಾಗ ಸಿಗದೆ ಓಣಿಗೆ ನುಗ್ಗಿಸಿ, ಮುಚ್ಚಿದ ಶಟರ್ ಮುಂದೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಹಾಕಿ, ಎರಡು ಸಲ ಎಳೆದು ನೋಡಿ ಬಂದಿದ್ದೆ. ಅಷ್ಟಾದ ಮೇಲೆ ಗಾಡಿಯ ಚಿಂತೆ ಮುಗಿಯಿತು ಎಂದುಕೊಂಡಿದ್ದೆ.

ವಾಪಸ್ ಬಂದಾಗ ಬೈಕು ಮೋರಿ ಅಂಚಿಗೆ ವಾಲಿಕೊಂಡಿತ್ತು. ಟ್ಯಾಂಕಿನ ಮೇಲೆ ಉದ್ದಕ್ಕೆ ಒಂದು ಗೀರು. ಪಕ್ಕದ ಕಟ್ಟೆಯ ಮೇಲೆ ಹೆಚ್ಚುಕಮ್ಮಿ ನನ್ನದೇ ವಯಸ್ಸಿನವನೊಬ್ಬ ಕೂತಿದ್ದ.

“ನಿಮ್ದಾ ಗಾಡಿ?”

“ಹೌದಣ್ಣ.”

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಗೀರು ತೋರಿಸಿ ನಾಲ್ಕು ಮಾತಾಡುತ್ತಿದ್ದೆನೇನೋ. ಅವನ ತಾಯಿಗೆ ಡಯಾಲಿಸಿಸ್ ದಿನವಂತೆ. ಆಟೊ ಮನೆ ಬಾಗಿಲಿಗೇ ಬರಬೇಕು, ಆಕೆ ನಡೆಯುವ ಸ್ಥಿತಿಯಲ್ಲಿಲ್ಲ. “ಲಾಕ್ ಇಲ್ದಿದ್ರೆ ನಾನೊಬ್ನೇ ಸರಿಸ್ತಿದ್ದೆ ಸಾರ್. ನಾಲ್ಕ್ ಜನನ ಹುಡುಕ್ಕಂಡ್ ಬರಕ್ಕೆ ಇಪ್ಪತ್ ನಿಮ್ಸ ಆಯ್ತು. ಅಲ್ಲೀಗಂಟ ನಮ್ಮವ್ವ ಹೊಸ್ಲು ಮೇಲೆ ಕೂತಿದ್ಲು.” ತಂಗಿಯನ್ನು ತಾಯಿಯ ಜೊತೆ ಕಳಿಸಿ, ಈ ಮಾತು ಹೇಳುವುದಕ್ಕೆಂದೇ ಅವನು ಅಲ್ಲಿ ಉಳಿದುಕೊಂಡಿದ್ದ. ಕ್ಷಮೆ ಕೇಳಿದೆ. “ಆಯ್ತು ಬುಡಿ” ಎಂದು ಎದ್ದು ಹೋದ.

ಮಾಗಡಿ ಕಡೆಗೆ ಹಿಂದಿರುಗುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಸಮರ್ಥನೆ ಹುಡುಕುತ್ತಿದ್ದೆ. ಸಿಕ್ಕಿದ್ದು ಅಪ್ಪ.

ಅಪ್ಪನ ಮೊದಲ ಬೈಕು ಕಳುವಾದದ್ದು ಕನಕಪುರದಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಮುಂಗಡ ಕಟ್ಟಿ, ಉಳಿದದ್ದಕ್ಕೆ ಕಂತು ಮಾಡಿಕೊಂಡು ತಂದ ಗಾಡಿ. ಐದು ನಿಮಿಷದ ಕೆಲಸ ಎಂದು ಲಾಕ್ ಹಾಕದೆ ಗೊಬ್ಬರದಂಗಡಿಗೆ ಹೋಗಿದ್ದ. ಹೊರಗೆ ಬಂದರೆ ಗಾಡಿ ಇದ್ದ ಜಾಗದಲ್ಲಿ ಒಂದು ತೊಟ್ಟು ಎಣ್ಣೆ ಕಲೆ. ಎರಡನೇ ವರ್ಷ ಖರ್ಚು ಉಳಿಯಲಿ ಎಂದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಕಟ್ಟಿದ್ದ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ, ಕಳ್ಳತನಕ್ಕೆ ಒಂದು ಪೈಸೆ ಬರುವುದಿಲ್ಲ. ದೂರು ಕೊಟ್ಟದ್ದೂ ‘ಸಿ ರಿಪೋರ್ಟ್’ ಆಗಿ ಮುಗಿಯಿತು, ಅಂದರೆ ಪತ್ತೆಯಾಗಲಿಲ್ಲ ಎಂಬ ಷರಾ. ಹದಿನಾಲ್ಕು ತಿಂಗಳು ಅಪ್ಪ ಇಲ್ಲದ ಬೈಕಿಗೆ ಕಂತು ಕಟ್ಟುತ್ತಾ ಸೈಕಲ್ ತುಳಿದ. ಈಗಲೂ ನಾನು ಎಲ್ಲಿಗೆ ಹೋದರೂ ಫೋನಿನಲ್ಲಿ ಮೊದಲ ಪ್ರಶ್ನೆ ಊಟದ್ದಲ್ಲ, “ಹ್ಯಾಂಡ್ಲ್ ಲಾಕ್ ಹಾಕಿದ್ಯಾ?”

ಕಾಯ್ದೆ ಏನು ಹೇಳುತ್ತದೆ ಎಂದು ಆ ರಾತ್ರಿ ತೆಗೆದು ಓದಿದೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ನನ್ನನ್ನು ನೋಡಿಯೇ ಬರೆದಂತಿತ್ತು: ಸಾರ್ವಜನಿಕ ಸ್ಥಳದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ, ಅನಗತ್ಯ ತೊಂದರೆ ಆಗುವಂತೆ ವಾಹನ ನಿಲ್ಲಿಸಬಾರದು. ಎಲ್ಲೆಲ್ಲಿ ನಿಲ್ಲಿಸಬಾರದು ಎನ್ನುವುದಕ್ಕೆ 2017ರ ಚಾಲನಾ ನಿಯಮಗಳಲ್ಲಿ ಪಟ್ಟಿಯೇ ಇದೆ. ಫುಟ್‌ಪಾತು, ತಿರುವು, ಸೇತುವೆ, ಬಸ್ ಸ್ಟಾಪು, ಆಸ್ಪತ್ರೆ ಮತ್ತು ಶಾಲೆಯ ಬಾಗಿಲು, ಇನ್ನೊಬ್ಬರ ಗೇಟು. ನಮ್ಮ ನಾಲ್ಕೂ ಪೇಟೆಗಳಿಂದ ಇಷ್ಟನ್ನು ಕಳೆದರೆ ಬೈಕಿಗೆ ಉಳಿಯುವ ಜಾಗ ಯಾವುದು? ಅದಕ್ಕೂ ಕಾಯ್ದೆಯಲ್ಲೇ ಉತ್ತರವಿದೆ. 117ನೇ ಸೆಕ್ಷನ್ ಪ್ರಕಾರ ಸರ್ಕಾರ ಅಥವಾ ಅದು ನೇಮಿಸಿದ ಪ್ರಾಧಿಕಾರ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ವಾಹನ ನಿಲ್ಲಿಸುವ ಜಾಗ ಗೊತ್ತುಮಾಡಬಹುದು. ‘ಮಾಡಬಹುದು’, ಅಷ್ಟೆ. ನಿಲ್ಲಿಸಬಾರದು ಎಂಬ ಬೋರ್ಡುಗಳು ನನಗೆ ಬೇಕಾದಷ್ಟು ಕಂಡಿವೆ. ಇಲ್ಲಿ ನಿಲ್ಲಿಸಿ ಎನ್ನುವ ಬೋರ್ಡು ಹುಡುಕುತ್ತಾ ನಾನು ಎಷ್ಟು ಪೆಟ್ರೋಲ್ ಸುಟ್ಟಿದ್ದೇನೋ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕಿಗೆ ಪ್ರವೇಶವಿಲ್ಲ. ಕಾರುಗಳೆಲ್ಲ ಹೊರಗಿನಿಂದಲೇ ಹೋಗುತ್ತವೆ, ವ್ಯಾಪಾರ ಬಿತ್ತು ಎಂದು ಬೊಂಬೆ ಅಂಗಡಿಯವರು ಗೋಳಾಡುತ್ತಾರೆ. ಬೈಕಿನವರು ಮಾತ್ರ ಈಗಲೂ ಹಳೇ ರಸ್ತೆಯಲ್ಲೇ, ಪೇಟೆಯ ನಡುವೆಯೇ.

ರಾಮನಗರ, ಚನ್ನಪಟ್ಟಣದಲ್ಲಿ ರೈಲ್ವೆ ಸ್ಟೇಷನ್ ಸ್ಟ್ಯಾಂಡ್ ಇದೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವವರ ಗಾಡಿಗಳು ಅಲ್ಲಿ ರಾತ್ರಿಯವರೆಗೆ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಅವರು ಅಲ್ಲಿ ದುಡ್ಡು ಕೊಟ್ಟು ಬಿಡುವುದು ಒಳ್ಳೆಯದೇ, ಏಕೆಂದರೆ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಹೆಚ್ಚು ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಎಳೆದೊಯ್ಯಿಸಲು ಪೊಲೀಸರಿಗೆ 127ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಕನಕಪುರಕ್ಕೂ ಮಾಗಡಿಗೂ ರೈಲೇ ಇಲ್ಲ. ಅಲ್ಲಿ ಗುರುತಿನ ಟೀ ಅಂಗಡಿ, ನೆಂಟರ ಅಂಗಡಿ, ಬ್ಯಾಂಕಿನ ಮುಂದಿನ ಸಿಸಿಟಿವಿ, ಇವೇ ಸ್ಟ್ಯಾಂಡು. ಗುರುತು ಇರುವವನಿಗೆ ಜಾಗ ಸಿಗುತ್ತದೆ. ಹೊಸಬ ಓಣಿಗೆ ನುಗ್ಗುತ್ತಾನೆ.

ದುಡ್ಡು ಕೊಡುವ ಸ್ಟ್ಯಾಂಡುಗಳಲ್ಲಿ ನಾನು ಹೆಚ್ಚಾಗಿ ಕೇಳಿರುವ ಮಾತು: “ಹ್ಯಾಂಡ್ಲ್ ಲಾಕ್ ಹಾಕ್ಬೇಡಿ.” ಗಾಡಿಗಳನ್ನು ಒತ್ತಿ ಒತ್ತಿ ನಿಲ್ಲಿಸಬೇಕಲ್ಲ. ಆದರೆ ಕೈಗೆ ಕೊಡುವ ಚೀಟಿಯಲ್ಲಿ ‘ಮಾಲೀಕರದೇ ಜವಾಬ್ದಾರಿ’ ಎಂದಿರುತ್ತದೆ. ಲಾಕ್ ಬೇಡ, ಹೊಣೆ ನಿನ್ನದು! ಈ ಚೀಟಿಗೆ ಎಷ್ಟು ಬೆಲೆ ಎಂಬುದು ಒಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ಕೀ ಸಮೇತ ಹೋಟೆಲ್ ಸಿಬ್ಬಂದಿಗೆ ಒಪ್ಪಿಸಿದ್ದ ಮಾರುತಿ ಝೆನ್ ಕಳುವಾಯಿತು. 2019ರ ನವೆಂಬರಿನಲ್ಲಿ ತೀರ್ಪು ಬಂತು, ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಗಾಡಿಯನ್ನು ವಶಕ್ಕೆ ತೆಗೆದುಕೊಂಡ ಹೋಟೆಲು ತನ್ನ ನಿರ್ಲಕ್ಷ್ಯಕ್ಕೆ ‘ಮಾಲೀಕರ ಹೊಣೆ’ ಎಂಬ ಷರತ್ತನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ ಎಂದರು. ಆದರೆ ಇಪ್ಪತ್ತೊಂದು ವರ್ಷ ಕಾಯಲು ಅಲ್ಲಿ ಇನ್ಶೂರೆನ್ಸ್ ಕಂಪನಿ ಇತ್ತು. ಹಳೇ ಸ್ಪ್ಲೆಂಡರಿಗೆ ಅಷ್ಟು ದಿನ ಯಾರು ಅಲೆಯುತ್ತಾರೆ?

ಓಣಿಯ ವಿಷಯವನ್ನು ಅಪ್ಪನಿಗೆ ಹೇಳಿರಲಿಲ್ಲ. ಗೀರು ಕಂಡಾಗ ಹೇಳಲೇಬೇಕಾಯಿತು. ಪೂರ್ತಿ ಕೇಳಿಸಿಕೊಂಡು, “ಎಷ್ಟೊತ್ತು ಕೂತಿದ್ಲಂತೆ ಆ ಯಮ್ಮ?” ಎಂದಷ್ಟೇ ಕೇಳಿದ. ಲಾಕ್ ಹಾಕಿದ್ದು ತಪ್ಪು ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಹೋದ ತಿಂಗಳು ಅಪ್ಪನ ಕಣ್ಣು ತೋರಿಸಲು ಇಬ್ಬರೂ ಅದೇ ಬೈಕಿನಲ್ಲಿ ರಾಮನಗರಕ್ಕೆ ಹೋದೆವು. ತೋರಿಸಿಕೊಂಡಾದ ಮೇಲೆ ರಿಪೋರ್ಟಿಗೂ ಔಷಧಿಗೂ ಉದ್ದ ಸಾಲು. ಗಾಡಿ ನಿಂತಿದ್ದ ಸಂದಿಯಲ್ಲಿ ಜನ ಓಡಾಡುತ್ತಿದ್ದರು. “ನೀನ್ ಒಳಗಿರು, ನಾನ್ ಗಾಡಿ ತಾವ ಇರ್ತೀನಿ” ಎಂದ. ಬಿಸಿಲು, ಬೇಡ ಎಂದರೂ ಕೇಳಲಿಲ್ಲ. ನಾನು ಹೊರಗೆ ಬರುವ ಹೊತ್ತಿಗೆ ಒಂದೂವರೆ ಗಂಟೆ ದಾಟಿತ್ತು. ನಿಲ್ಲಿಸಿದ್ದ ಜಾಗದಲ್ಲಿ ಬೈಕು ಇರಲಿಲ್ಲ. ಒಂದು ಕ್ಷಣ ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಮೇಲೆ ನೋಡಿದರೆ ಎದುರು ಬದಿಯ ಹೊಂಗೆ ಮರದ ಕೆಳಗೆ ಅಪ್ಪ ಸೀಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಮೂರು ಸಲ ಸರಿಸಬೇಕಾಯಿತಂತೆ, ಒಂದು ಸಲ ಗೂಡಿನ ಆಟೊಗೆ, ಎರಡು ಸಲ ಅಂಗಡಿಯವನಿಗೆ.

“ಲಾಕ್ ಹಾಕಿರ್ನಿಲ್ಲ,” ಎಂದು ಕೀ ನನ್ನ ಕೈಗಿಟ್ಟು ಹಿಂದೆ ಹತ್ತಿದ.