ಸೊವಾವೆ: ಊಟದ ಜೊತೆಗೇ ಅರಳುವ ವೈನ್

ಇಟಲಿಯ ವೆರೋನಾದಿಂದ ವೆನಿಸ್ ಕಡೆಗೆ ಹೊರಟ ಲೋಕಲ್ ರೈಲು ಬೇಗನೆ ಸಾನ್ ಬೊನಿಫಾಚೊ ತಲುಪಿತು. ಅಲ್ಲಿಳಿದು ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಸೊವಾವೆ ಊರು. ದಾರಿಯಲ್ಲಿ ಮೊದಲು ಬಯಲಿನ ದ್ರಾಕ್ಷಿ ತೋಟಗಳು, ಊರು ದಾಟಿದ ಮೇಲೆ ಗುಡ್ಡದ ತೋಟಗಳು. ಈ ಊರಿನ ಹೆಸರು ಹೊತ್ತ ಬಿಳಿ ವೈನಿನ ಏಳುಬೀಳೆಲ್ಲ ಈ ಬಯಲು–ಗುಡ್ಡಗಳ ನಡುವಿನದು.

1931ರಲ್ಲಿ ಸೊವಾವೆ ಮತ್ತು ಮೊಂತೆಫೋರ್ತೆ ದಾಲ್ಪೊನೆಯ ಗುಡ್ಡಗಳನ್ನು ಈ ವೈನಿನ ಮೂಲ ನೆಲವೆಂದು ಗುರುತಿಸಲಾಯಿತು. 1968ರಲ್ಲಿ ಡಿಒಸಿ (ನಿಯಂತ್ರಿತ ಮೂಲಸ್ಥಾನ) ಮಾನ್ಯತೆ ಬಂದಾಗ ಗಡಿ ಬಯಲಿಗೂ ಹಬ್ಬಿತು. ಬಯಲಿನಲ್ಲಿ ಬಳ್ಳಿ ಹೇರಳವಾಗಿ ಬಿಟ್ಟಷ್ಟೂ ವೈನ್ ತೆಳುವಾಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾಗುತ್ತಲೇ, ಅಗ್ಗದ ನೀರು ವೈನ್ ಎಂಬ ಅಪಖ್ಯಾತಿಯೂ ಅಂಟಿತು.

ಸ್ಕಾಲಿಜೆರಿ ದೊರೆಗಳ ಕಾಲದ ಕೋಟೆಗೋಡೆ 24 ಬುರುಜುಗಳೊಂದಿಗೆ ಊರನ್ನು ಬಳಸಿ ಗುಡ್ಡ ಏರುತ್ತದೆ. ಅದರ ಪಕ್ಕದಲ್ಲೇ ನಾನೂ ಹತ್ತಿದೆ. ಮೇಲೆ ಕಾಲಡಿಯ ಮಣ್ಣು ಕಪ್ಪು: ಹಳೆಯ ಜ್ವಾಲಾಮುಖಿಗಳು ಬಿಟ್ಟುಹೋದ ಬಸಾಲ್ಟ್. ಪಶ್ಚಿಮಕ್ಕೆ ಸರಿದಂತೆ ಸುಣ್ಣಕಲ್ಲಿನ ಬಿಳಿ ನೆಲ. ಗರ್ಗಾನೆಗಾ ದ್ರಾಕ್ಷಿಗೆ ಇಲ್ಲಿ ನಮ್ಮ ಚಿಕ್ಕಬಳ್ಳಾಪುರದ ಕಡೆಯ ಹಾಗೆ ಚಪ್ಪರ ಹಾಕುತ್ತಾರೆ. ಎಲೆಗಳ ನೆರಳಲ್ಲಿ ಗೊಂಚಲು ಬಿಸಿಲಿಗೆ ಸುಡದೆ ನಿಧಾನವಾಗಿ ಹಣ್ಣಾಗುತ್ತದೆ. ವೈನಿನಲ್ಲಿ ಈ ದ್ರಾಕ್ಷಿಯ ಪಾಲು ಕನಿಷ್ಠ ಶೇಕಡಾ 70 ಇರಲೇಬೇಕು. ಈ ಸಾಂಪ್ರದಾಯಿಕ ತೋಟಗಳನ್ನು 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಧ್ಯಾಹ್ನ ಗೋಡೆಯೊಳಗಿನ ಚಿಕ್ಕ ಊಟದ ಮನೆಗೆ ಹೊಕ್ಕೆ. ಮೊದಲ ಗ್ಲಾಸನ್ನು ಬರಿದೇ ಗುಟುಕರಿಸಿದೆ. ಒಣಹುಲ್ಲಿನ ಬಣ್ಣ, ಬಿಳಿ ಹೂವಿನ ತೆಳು ಕಂಪು, ಕೊನೆಗೆ ಗಂಟಲಲ್ಲಿ ಬಾದಾಮಿಯ ಸಣ್ಣ ಕಹಿ. ಅಷ್ಟೇನಾ ಎಂಬಂತೆ ನೋಡಿದೆ. ಬಡಿಸುತ್ತಿದ್ದ ಹೆಂಗಸು ನಕ್ಕು, "ತಟ್ಟೆ ಬರಲಿ, ಆಮೇಲೆ ಹೇಳಿ" ಎಂದಳು.

ತಟ್ಟೆಯಲ್ಲಿ ಬಂದದ್ದು ರೀಸಿ ಎ ಬೀಸಿ. ಇಸೊಲಾ ದೆಲ್ಲಾ ಸ್ಕಾಲಾ ಬಯಲಿನ ವಿಯಲೋನೆ ನಾನೊ ಅಕ್ಕಿ, ಹಸಿ ಬಟಾಣಿ, ಬೆಣ್ಣೆ, ಚೀಸ್ ಸೇರಿಸಿ ಸಡಿಲವಾಗಿ ಬೇಯಿಸಿದ ಅನ್ನ. ಹಿಂದೆ ಏಪ್ರಿಲ್ 25ರ ಸಂತ ಮಾರ್ಕನ ಹಬ್ಬದಂದು ವೆನಿಸ್ ಗಣರಾಜ್ಯದ ಅಧಿಪತಿ ದೋಜ್‌ಗೆ ಬಡಿಸುತ್ತಿದ್ದ ಅಡುಗೆ ಇದು. ಬಟಾಣಿಯ ಸಿಹಿಯ ಎದುರು ವೈನಿನ ಕಹಿ ಹದಕ್ಕೆ ಬಂತು. ಬೆಣ್ಣೆಯ ಜಿಡ್ಡನ್ನು ಅದರ ಹುಳಿ ತೊಳೆದು, ಮುಂದಿನ ತುತ್ತಿಗೆ ನಾಲಿಗೆಯನ್ನು ಸಿದ್ಧ ಮಾಡಿತು.

ಆಮೇಲೆ ವಿಚೆಂಜಾ ಶೈಲಿಯ ಬಕ್ಕಲಾ. ನಾರ್ವೆಯ ಗಾಳಿಯಲ್ಲಿ ಮರದ ತುಂಡಿನಂತೆ ಒಣಗಿದ ಕಾಡ್ ಮೀನನ್ನು ದಿನಗಟ್ಟಲೆ ನೆನೆಸಿ, ಈರುಳ್ಳಿ, ಹಾಲು, ಆಲಿವ್ ಎಣ್ಣೆಯಲ್ಲಿ ಸೌಟು ಆಡಿಸದೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. 1432ರ ಹೊತ್ತಿಗೆ ಹಡಗು ಒಡೆದು ನಾರ್ವೆಯ ಲೊಫೊಟೆನ್ ದ್ವೀಪ ಸೇರಿದ್ದ ವೆನಿಸ್ ವ್ಯಾಪಾರಿ ಪಿಯೆತ್ರೊ ಕ್ವೆರಿನಿ ಈ ಮೀನನ್ನು ಊರಿಗೆ ಪರಿಚಯಿಸಿದನೆಂದು ಇಲ್ಲಿನವರ ನಂಬಿಕೆ. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ. ಇದಕ್ಕೆ ಆಕೆ ತಂದದ್ದು ಕೆಲ ವರ್ಷ ಹಳೆಯ ಗುಡ್ಡದ ಸೊವಾವೆ. ಬಣ್ಣ ಗಾಢ, ಮೈ ತುಂಬಿದ ರುಚಿ. ಇಷ್ಟು ಗಟ್ಟಿ ಮೀನಿನೆದುರು ಮೊದಲ ಗ್ಲಾಸಿನ ಎಳೆಯ ವೈನ್ ನಿಲ್ಲುತ್ತಿರಲಿಲ್ಲ.

ಕೊನೆಗೆ ರೆಚೋತೊ. ಕೊಯ್ದ ಗೊಂಚಲುಗಳನ್ನು ಚಳಿಗಾಲದವರೆಗೆ ಗಾಳಿಯಾಡುವ ಅಟ್ಟದಲ್ಲಿ ಒಣಗಿಸಿ ತೆಗೆದ ಸಿಹಿ ವೈನ್. 1998ರಲ್ಲಿ ಈ ವೆನೆತೊ ಪ್ರಾಂತದ ಮೊದಲ ಡಿಒಸಿಜಿ (ಡಿಒಸಿಗಿಂತ ಮೇಲಿನ ದರ್ಜೆ) ಗೌರವ ಇದಕ್ಕೇ ಸಿಕ್ಕಿದ್ದು. ಬಾದಾಮಿ ಬಿಸ್ಕತ್ತಿಗೂ ಉಪ್ಪುಪ್ಪಾದ ಹಳೆಯ ಚೀಸಿಗೂ ಇದು ಒಪ್ಪುತ್ತದೆ.

ಸೊವಾವೆ ಕೊಳ್ಳುವವರು ಲೇಬಲ್ಲಿನಲ್ಲಿ 'ಕ್ಲಾಸಿಕೊ' ಎಂಬುದನ್ನು ಹುಡುಕಿ. ಗುಡ್ಡದ ಮೂಲ ನೆಲದ್ದೆಂಬ ಗುರುತು ಅದು. ಸುಮಾರು 10 ಡಿಗ್ರಿಗೆ ತಣಿಸಿದರೆ ಸಾಕು, ತೀರಾ ಕೊರೆದರೆ ಕಂಪು ಅಡಗುತ್ತದೆ. ಕೆಂಪು ಮಾಂಸವನ್ನು ಪಕ್ಕದ ವಾಲ್ಪೊಲಿಚೆಲ್ಲಾದ ಕೆಂಪು ವೈನಿಗೆ ಬಿಡಿ, ಖಾರದ ಸಾಸನ್ನು ದೂರವಿಡಿ. ಸೊವಾವೆಗೆ ಬೇಕಾದದ್ದು ಅಕ್ಕಿ, ಹಸಿ ತರಕಾರಿ, ಮೀನು. ಬರೀ ಗ್ಲಾಸು ಹಿಡಿದು ತೀರ್ಪು ಕೊಡುವವರಿಗೆ ಇದು ಅರ್ಧವಷ್ಟೇ ದಕ್ಕುತ್ತದೆ.